ಕೊನೆಯ ಪುಟದ ಹಿಂಬದಿ

ದಾನೇಶ್ವರಿಯ ಪೆನ್ನಿನ ತುದಿ ಮೂರನೇ ಸಲ ಕೆಂಪಾದಾಗ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳು ಯಾರ ಹಾಳೆಯನ್ನೂ ನೋಡಿರಲಿಲ್ಲ. ನೋಡುವುದಕ್ಕೆ ಅಕ್ಕಪಕ್ಕ ಯಾರೂ ಇರಲೂ ಇಲ್ಲ. ಎರಡು ಸಲ ಕೆಂಪಾದ ಮಕ್ಕಳನ್ನು ಒಂಟಿ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಬೇಕೆಂಬುದು ನಿಯಮ, ಆ ನಿಯಮವನ್ನು ನಾನೇ ಚಾಚೂ ತಪ್ಪದೆ ಪಾಲಿಸಿದ್ದೆ. ಆದರೂ ಅವಳು ನಾಲ್ಕನೇ ಲೆಕ್ಕ ಮುಗಿಸುತ್ತಿದ್ದ ಹಾಗೆ ಪೆನ್ನಿನ ಹಿಂಬದಿಯ ಪುಟ್ಟ ದೀಪ ಹೊತ್ತಿಕೊಂಡಿತು. ನಕಲು ಶಂಕೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೂವತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ, ಅದರಲ್ಲಿ ಹೆಚ್ಚಿನ ದಿನ ಯಾರ ಮೇಲಾದರೂ ರೇಗಿಕೊಂಡೇ ಕಳೆದಿದ್ದೇನೆ. ಅವತ್ತು ಮೊದಲು ರೇಗಿದ್ದು ಹುಡುಗಿಯ ಮೇಲೆ.

"ಎಕ್ಸ್, ವೈ ಅಂತ ಹಾಕಿ ಸಮೀಕರಣ ಬರಿ ಅಂತ ಎಷ್ಟು ಸಲ ಬಾಯಿ ಬಡ್ಕೊಂಡಿದೀನಿ? ಯಾಕೆ ಬರೀಲಿಲ್ಲ?"

"ಬರ್ಯಾಕ ಬರ್ತೈತ್ರಿ ಅಕ್ಕೋರ," ಅಂದಳು ದಾನೇಶ್ವರಿ. ಆ ಕಡೆ ಹೆಣ್ಣು ಮೇಷ್ಟರನ್ನು ಹಾಗೇ ಕರೆಯುತ್ತಾರೆ. "ಆದ್ರ ನನಗ ಇದು ಲಗೂನ ತಿಳೀತೈತಿ."

ಪೆನ್ನಿನ ವಿಷಯ ಹೇಳಿಬಿಡುತ್ತೇನೆ. ಸಮದರ್ಶಿ ಎಂಬ ಯಂತ್ರ ಬಂದು ಆಗ ಹನ್ನೊಂದು ವರ್ಷವಾಗಿತ್ತು. ಪ್ರಶ್ನೆಪತ್ರಿಕೆ ಸೋರುವುದು, ಒಬ್ಬ ಮೇಷ್ಟರು ಧಾರಾಳವಾಗಿ ಇನ್ನೊಬ್ಬರು ಜಿಪುಣತನದಿಂದ ಅಂಕ ಕೊಡುವುದು, ಇದೆಲ್ಲ ಸಾಕಾಗಿ ಸರ್ಕಾರ ಗಣಿತದ ಮೌಲ್ಯಮಾಪನವನ್ನು ಮನುಷ್ಯರ ಕೈಯಿಂದಲೇ ಕಿತ್ತುಕೊಂಡಿತು. ಪ್ರತಿ ಮಗುವಿಗೂ ಒಂದು ಪೆನ್ನು. ಅದು ಬರೆದದ್ದನ್ನು ಮಾತ್ರವಲ್ಲ, ಬರೆದ ರೀತಿಯನ್ನೂ ಅಳೆಯುತ್ತದೆ: ಕೈ ಎಲ್ಲಿ ನಿಂತಿತು, ಎಷ್ಟು ಒತ್ತಿತು, ಯಾವ ಹಂತದಿಂದ ಯಾವ ಹಂತಕ್ಕೆ ಹೋಯಿತು. ಉತ್ತರ ಸರಿಯಿದ್ದರೆ ಸಾಲದು, ಆ ಉತ್ತರ ಮಗುವಿನ ತಲೆಯಿಂದಲೇ ಬಂತು ಎಂದು ಯಂತ್ರಕ್ಕೆ ಮನವರಿಕೆಯಾಗಬೇಕು. ಮೂರು ಸಲ ಕೆಂಪಾದರೆ ಹತ್ತು ದಿನ ಕಳೆದ ಮೇಲೆ ದಾಖಲೆಗೆ ಬೀಗ. ಆಮೇಲೆ ಆ ಮಗು ಗಣಿತವಿರುವ ಯಾವ ಕೋರ್ಸಿಗೂ ಜೀವಮಾನದಲ್ಲಿ ಸೇರುವಂತಿಲ್ಲ. ದಾನೇಶ್ವರಿಗೆ ಮಗ್ಗದ ಯಂತ್ರ ವಿನ್ಯಾಸದ ಡಿಪ್ಲೊಮಾ ಮಾಡಬೇಕೆಂದಿತ್ತು. ಅದಕ್ಕೆ ಗಣಿತ ಬೇಕೇ ಬೇಕು.

ಈ ಯಂತ್ರಕ್ಕೆ ಪಾಠ ಹೇಳಿದವರು ಯಾರು? ಹನ್ನೊಂದು ಜನ ಮೌಲ್ಯಮಾಪಕರು. ರಾಜ್ಯದಲ್ಲೆಲ್ಲ ಹುಡುಕಿ, ಯಾರು ಕೊಟ್ಟ ಅಂಕ ಮರುಎಣಿಕೆಯಲ್ಲಾಗಲಿ ಮರುಮೌಲ್ಯಮಾಪನದಲ್ಲಾಗಲಿ ಒಮ್ಮೆಯೂ ಬದಲಾಗಿರಲಿಲ್ಲವೋ ಅಂಥವರನ್ನು ಆರಿಸಿ, ಅವರು ತಿದ್ದಿದ ಹಳೆಯ ಉತ್ತರಪತ್ರಿಕೆಗಳನ್ನು ಯಂತ್ರಕ್ಕೆ ಉಣಿಸಿದರು. ಯಾವ ಪತ್ರಿಕೆ ಯಾರದೆಂದು ತಿಳಿಯದಿರಲಿ ಎಂದು ಹೆಸರು ಮುಚ್ಚಿ ಬರೀ ನಂಬರು ಇಟ್ಟರು. ಆ ಹನ್ನೊಂದು ಜನರಲ್ಲಿ ನಾನೂ ಒಬ್ಬಳು, ವಿಶಾಲಾಕ್ಷಿ. ಕೊಟ್ಟ ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ದೇವರ ಪಟಕ್ಕಿಂತ ಒಂದು ಗೇಣು ಎತ್ತರದಲ್ಲಿ ತೂಗುಹಾಕಿದ್ದೇನೆ. ಹಾಗಾಗಿ ಹಾಲಗಟ್ಟಿಗೆ ವರ್ಗವಾಗಿ ಬಂದಾಗ, ಈ ನೇಕಾರರ ಊರಿನ ಮಕ್ಕಳ ಪೆನ್ನು ಎಲ್ಲರಿಗಿಂತ ಹೆಚ್ಚು ಕೆಂಪಾಗುತ್ತದೆ ಎಂದು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ಕಾಪಿ ಹೊಡೆಯುವ ಊರು ಅಂದುಕೊಂಡೆ.

"ಬಾ ಬೋರ್ಡಿಗೆ," ಅಂದೆ. "ನನ್ನೆದುರಿಗೆ ಮಾಡಿ ತೋರಿಸು."

ಲೆಕ್ಕ ಹೀಗಿತ್ತು. ಮೂವತ್ತು ಪ್ರಶ್ನೆಗಳ ಒಂದು ಪರೀಕ್ಷೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಎಲ್ಲ ಪ್ರಶ್ನೆಗೂ ಉತ್ತರಿಸಿದವಳಿಗೆ ಎಂಬತ್ತು ಬಂದರೆ, ಸರಿಯಾದದ್ದು ಎಷ್ಟು?

ದಾನೇಶ್ವರಿ ಸೀಮೆಸುಣ್ಣ ಮುಟ್ಟಲೇ ಇಲ್ಲ. "ಮೂವತ್ತೂ ಸರಿ ಅಂತ ತಿಳೀರಿ. ನೂರಾ ಇಪ್ಪತ್ತು ಬರಬೇಕಿತ್ತು. ಬಂದದ್ದು ಎಂಬತ್ತು. ನಲವತ್ತು ಕಮ್ಮಿ. ಒಂದು ಉತ್ತರ ತಪ್ಪಿದ್ರ ಅದರ ನಾಕೂ ಹೋಗ್ತಾವು, ಮ್ಯಾಲೊಂದು ಕಳೀತಾರ. ಅಂದ್ರ ಐದು ಹೋದಂಗ. ನಲವತ್ತರಾಗ ಐದು ಎಂಟು ಸಲ. ಎಂಟು ತಪ್ಪು, ಇಪ್ಪತ್ತೆರಡು ಸರಿ."

ಇಡೀ ತರಗತಿಯಲ್ಲಿ ಇದಕ್ಕಿಂತ ಚೊಕ್ಕವಾಗಿ ಆ ಲೆಕ್ಕ ಮಾಡಿದವರಿರಲಿಲ್ಲ. ಅವಳ ಹಾಳೆ ನೋಡಿದೆ. ನೂರಿಪ್ಪತ್ತು, ನಲವತ್ತು, ಎಂಟು, ಇಪ್ಪತ್ತೆರಡು, ಅಷ್ಟೇ. ಮೊದಲು ಪ್ರಶ್ನೆಯಲ್ಲೇ ಇಲ್ಲದ ಒಂದು ಸಂಖ್ಯೆ, ಆಮೇಲೆ ಎಲ್ಲೂ ನಿಲ್ಲದೆ ಮೂರು ಜಿಗಿತ. ಯಂತ್ರಕ್ಕೆ ಅದು ಕದ್ದವರ ಕೈ ಹಾಗೆ ಕಂಡಿದೆ.

"ಯಾರು ಹೇಳ್ಕೊಟ್ಟಿದ್ದು?"

"ಅವ್ವ ಹೇಳ್ಯಾಳ್ರಿ. ನಮ್ಮೂರಾಗ ಎಲ್ಲಾರೂ ಹಿಂಗ ಮಾಡ್ತಾರ."

ಆ ಊರಿನಲ್ಲಿ ನೇಯುವ ಕುಬಸದ ಕಣಗಳು, ಅಂದರೆ ರವಿಕೆ ಬಟ್ಟೆಯ ತುಂಡುಗಳು, ಎರಡು ಥರ, ಹತ್ತಿಯದು ಹಗುರ, ರೇಷ್ಮೆ ಬೆರೆತದ್ದು ತುಸು ಭಾರ. ನೂರರ ಕಟ್ಟು ಕೈಗೆ ಬಂದರೆ ಅಲ್ಲಿಯವರು ಬಿಚ್ಚಿ ಎಣಿಸುವುದಿಲ್ಲ. ತೂಗುತ್ತಾರೆ. ಎಲ್ಲ ಹತ್ತಿಯದೇ ಎಂದು ಹಿಡಿದರೆ ಇಷ್ಟು ತೂಗಬೇಕಿತ್ತು, ಇಷ್ಟು ಹೆಚ್ಚು ತೂಗಿತು, ಹಾಗಾದರೆ ರೇಷ್ಮೆಯದು ಇಷ್ಟು. ಕಟ್ಟು ಕೆಳಗಿಡುವ ಮೊದಲೇ ಲೆಕ್ಕ ಮುಗಿದಿರುತ್ತದೆ. ಒಂಬತ್ತು ತಿಂಗಳು ಆ ಊರಿನಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಿರಲಿಲ್ಲ.

ಆಗ ಸಿಟ್ಟು ಯಂತ್ರದ ಕಡೆ ತಿರುಗಿತು. ಹತ್ತು ದಿನದೊಳಗೆ ತರಗತಿಯ ಶಿಕ್ಷಕಿ ಖುದ್ದಾಗಿ ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ ಆಕ್ಷೇಪಣೆ ಸಲ್ಲಿಸಬಹುದು, ಪೋಷಕರೂ ಜೊತೆಗಿರಬೇಕು. ಸಂಜೆ ಶಾಲೆ ಬಿಟ್ಟ ಮೇಲೆ ದಾನೇಶ್ವರಿಯ ಮನೆಗೆ ಹೋದೆ.

ಅವಳ ತಾಯಿ ಮಹಾನಂದಾ ವಿದ್ಯುತ್ ಮಗ್ಗದ ಮುಂದೆ ನಿಂತಿದ್ದಳು. ಮೂವತ್ತನಾಲ್ಕು ಮೂವತ್ತೈದರ ಹೆಂಗಸು, ಗಂಡನಿಲ್ಲ, ಆ ಒಂದು ಮಗ್ಗವೇ ಮನೆಯನ್ನು ನಡೆಸುತ್ತಿತ್ತು. ನಾನು ಯಾರೆಂದು ಮಗಳು ಹೇಳಿದರೂ ಅವಳು ಮಗ್ಗ ನಿಲ್ಲಿಸಲಿಲ್ಲ. ಆ ಸದ್ದಿನ ಮೇಲೆ ಕೂಗಿಯೇ ಮಾತಾಡಬೇಕಾಯಿತು.

"ನಿಮ್ಮ ಮಗಳ ಪೆನ್ನು ಮೂರು ಸಲ ಕೆಂಪಾಗಿದೆ, ಮಹಾನಂದಾ."

"ಗೊತ್ತೈತಿ."

"ಅವಳ ತಪ್ಪಿಲ್ಲ. ನಾನು ಕಣ್ಣಾರೆ ನೋಡಿದೀನಿ."

"ಮೊದಲ್ನೇ ಸಲ ಕೆಂಪಾದಾಗ ನೋಡ್ಲಿಲ್ಲೇನ್ರಿ? ಎರಡ್ನೇ ಸಲ? ಗ್ವಾಡಿಗೆ ಮುಖ ಮಾಡಿ ಕುಂಡ್ರಸಾಕ ಬರೋಬ್ಬರಿ ಬಂತು ನಿಮಗ."

ನನಗೆ ಮೈಯೆಲ್ಲ ಉರಿಯಿತು. ಸಹಾಯ ಮಾಡಲು ಬಂದವಳ ಜೊತೆ ಹೀಗೆ ಮಾತಾಡುವುದೇ? ಇದು ಯಂತ್ರದ ನಿಯಮ, ನನ್ನದಲ್ಲ ಅಂದೆ. ಮಹಾನಂದಾ ಈಗ ಮಗ್ಗ ನಿಲ್ಲಿಸಿದಳು.

"ನನಗೂ ಹಿಂಗ ಆತು ಅಕ್ಕೋರ. ಹತ್ತನೇತ್ತೆ ಪರೀಕ್ಷಾದಾಗ. ಆವಾಗ ಪೆನ್ನಿಗೆ ದೀಪ ಇರ್ಲಿಲ್ಲ. ಯಾರೋ ಮನಷ್ಯಾರು ತಿದ್ದಿದ್ರು. ಮೂವತ್ಮೂರು ಕೊಟ್ಟು, ನಕಲು ಅಂತ ಬರದ್ರು. ಈ ಊರಾಗ ಪರೀಕ್ಷಾಕ್ಕ ಕುಂತ ಎರಡನೂರಾ ಹನ್ನೆರಡು ಹುಡುಗುರಿಗೂ ಹಂಗ ಬರದ್ರು. ಎರಡು ಮಾರ್ಕ್ಸಿನಾಗ ನಾ ಫೇಲು. ಮರುಎಣಿಕಿಗೆ ಹಾಕ್ತೀನಿ ಅಂತ ನಮ್ಮಪ್ಪ ಹ್ವಾದ, ನಕಲು ಅಂತ ಬರದಿದ್ದ ಹಾಳಿಗೆ ಮರುಎಣಿಕಿ ಇಲ್ಲ ಅಂದ್ರಂತ. ಕಳ್ಳೀನ ಮತ್ತ ಸಾಲಿಗೆ ಕಳಸೂದು ಬ್ಯಾಡಂತ ಮನ್ಯಾಗ ಲಗ್ನ ಮಾಡಿದ್ರು." ಅವಳು ನೂಲಿನ ತುಂಡೊಂದನ್ನು ಕಿತ್ತು ಕೆಳಗೆ ಹಾಕಿದಳು. "ಬರ್ತೀನಿ ನಡೀರಿ ಎಲ್ಲಿಗಿದ್ರೂ. ಆದ್ರ ನಿಮ್ಮ ಮ್ಯಾಲಿನ ನಂಬಿಕಿಲೆ ಅಲ್ಲ."

ಯಾವ ವರ್ಷ ಅದು ಎಂದು ಕೇಳಿದೆ. ಹೇಳಿದಳು. ಹದಿನೆಂಟು ವರ್ಷದ ಹಿಂದಿನದು. ಆ ವರ್ಷದ ಪತ್ರಿಕೆಗಳನ್ನೂ ಯಂತ್ರಕ್ಕೆ ಉಣಿಸಿದ್ದರು ಎಂಬುದು ನೆನಪಾಯಿತು. ಆ ಹನ್ನೊಂದು ಜನರಲ್ಲಿ ಯಾವನೋ ಒಬ್ಬ ಮೂರ್ಖ ಮಾಡಿದ ಕೆಲಸ ಎಂದುಕೊಂಡೆ. ಉಳಿದ ಹತ್ತು ಜನರನ್ನು ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ಬೈಯುತ್ತ ಮನೆಗೆ ಬಂದೆ.

ಮೌಲ್ಯಮಾಪನ ಕೇಂದ್ರ ಜಿಲ್ಲಾ ಕೇಂದ್ರದ ಹೊರಗೆ, ಕಿಟಕಿಯಿಲ್ಲದ ಒಂದು ಕಟ್ಟಡ. ಒಳಗೆ ಗೋಡೆಯುದ್ದದ ಪರದೆ, ಅದರ ಮೇಲೆ ರಾಜ್ಯದ ನಕ್ಷೆ. ಎಲ್ಲೆಲ್ಲಿ ಪೆನ್ನು ಕೆಂಪಾಗಿದೆಯೋ ಅಲ್ಲೆಲ್ಲ ಒಂದು ಚುಕ್ಕೆ. ಹಾಲಗಟ್ಟಿಯ ಜಾಗದಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿದ್ದವು. ಅಲ್ಲಿನ ನಿರ್ದೇಶಕ ಅನಿರುದ್ಧ ಇಟಗಿ, ನನ್ನ ಮಗನ ವಯಸ್ಸಿನವನು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

"ಆಕ್ಷೇಪಣೆ ಅಂತ ಬಂದವರೊಳಗ ನೀವೇ ಮೊದಲನೇಯವರು ನೋಡ್ರಿ ಮೇಡಂ," ಅಂದ. "ಯಂತ್ರಕ್ಕ ಯಾರ ಮ್ಯಾಲೂ ದ್ವೇಷ ಇರೂದಿಲ್ಲ."

"ದ್ವೇಷ ಇಲ್ಲ, ಬುದ್ಧೀನೂ ಇಲ್ಲ. ಸರಿ ಉತ್ತರಕ್ಕೆ ಯಾಕೆ ಕೆಂಪು ಕೊಡ್ತು, ಅದನ್ನ ತೋರ್ಸಿ."

ತೋರಿಸಲೇಬೇಕು, ಹಾಗೆಂದು ಕಾನೂನಿದೆ. ಯಂತ್ರ ಕೊಟ್ಟ ಯಾವ ತೀರ್ಪನ್ನು ಹಿಡಿದು ಹಿಂದಕ್ಕೆ ಹೋದರೂ, ಅದು ಯಾವ ಹಳೆಯ ಉತ್ತರಪತ್ರಿಕೆ ನೋಡಿ ಹಾಗೆ ಕಲಿಯಿತು ಎಂಬ ಮೂಲ ಸಿಗುತ್ತದೆ. ಇಟಗಿ ದಾನೇಶ್ವರಿಯ ಮೂರೂ ಕೆಂಪುಗಳನ್ನು ಒತ್ತಿದ. ಮೂರರ ಮೂಲವೂ ಒಂದೇ ಕಡೆ ಹೋಗಿ ನಿಂತಿತು. ಇನ್ನೂರ ಹನ್ನೆರಡು ಪತ್ರಿಕೆಗಳು, ಒಂದೇ ಪರೀಕ್ಷಾ ಕೇಂದ್ರದವು, ತಿದ್ದಿದ್ದು ಏಳನೇ ನಂಬರಿನ ಮೌಲ್ಯಮಾಪಕರು.

"ಏಳನೇ ನಂಬರು ಅಂದ್ರ ಅಗದೀ ನಂಬಿಗಸ್ತರು," ಅಂದ ಇಟಗಿ. "ಅವರ ಮೂರು ಸಾವಿರದ ಎಂಟನೂರು ಪತ್ರಿಕೆ ಯಂತ್ರದಾಗ ಅವ. ಒಂದೂ ಬದಲಾಗಿಲ್ಲ."

ಮೊದಲ ಪತ್ರಿಕೆ ಪರದೆಯ ಮೇಲೆ ತೆರೆಯಿತು. ಐವತ್ತು ವಾಹನ, ನೂರಿಪ್ಪತ್ತೇಳು ಚಕ್ರ, ಸೈಕಲ್ಲೆಷ್ಟು ಆಟೋ ಎಷ್ಟು ಎಂಬ ಲೆಕ್ಕ. ಹುಡುಗ ಬರೆದಿದ್ದ: ನೂರು, ಇಪ್ಪತ್ತೇಳು. ಆಟೋ ಇಪ್ಪತ್ತೇಳು, ಸೈಕಲ್ ಇಪ್ಪತ್ಮೂರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕಕ್ಕೆ ಎರಡು ಅಂಕ, ಅದರ ಕೆಳಗೆ 'ನಕಲು?' ಎಂದು ಒಂದು ಪದ. ಪ್ರಶ್ನೆಚಿಹ್ನೆಯ ಕೆಳಗಿನ ಚುಕ್ಕೆಯ ಬದಲು ಒಂದು ಸಣ್ಣ ಸೊನ್ನೆ.

ಪ್ರಶ್ನೆಚಿಹ್ನೆಗೆ ಹಾಗೆ ಸೊನ್ನೆ ಸುತ್ತುವುದು ನಾನು.

ಆ ವರ್ಷ ಪತ್ರಿಕೆ ತಿದ್ದಲು ಕೂತಿದ್ದ ಮೌಲ್ಯಮಾಪನ ಶಿಬಿರ ನೆನಪಾಯಿತು. ಮೂರನೇ ದಿನ ಮಧ್ಯಾಹ್ನ, ಊಟದಲ್ಲಿ ಸಾರು ಹಳಸಿತ್ತು, ಪಂಖ ತಿರುಗುತ್ತಿರಲಿಲ್ಲ. ಒಂದು ಕಟ್ಟು ಬಿಚ್ಚಿದರೆ ಎಲ್ಲರದೂ ಒಂದೇ ಥರ, ಎಲ್ಲರೂ ನೂರು ಎಂದು ಶುರು ಮಾಡಿದ್ದಾರೆ. ಯಾರೋ ಬೋರ್ಡಿನ ಮೇಲೆ ಬರೆದುಕೊಟ್ಟು ನಕಲು ಮಾಡಿಸಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಎಂಥ ಕಳ್ಳರು ಎಂದು ಪಕ್ಕದವರಿಗೆ ತೋರಿಸಿ ತೋರಿಸಿ ರೇಗಿದ್ದೆ. ಆ ಸಿಟ್ಟಿನಲ್ಲೇ ಇಡೀ ಕಟ್ಟು ಮುಗಿಸಿ ಕೈ ತೊಳೆದುಕೊಂಡಿದ್ದೆ. ಆ ಪತ್ರಿಕೆಗಳು ಯಾವ ಊರಿನವೆಂದು ನನಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದು ಅನಿಸಲೂ ಇಲ್ಲ.

ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಭಯವಾಯಿತು, ಸುಳ್ಳು ಹೇಳುವುದಿಲ್ಲ. ಹೆಸರು ಮುಚ್ಚಿದೆ, ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಷ್ಟರಲ್ಲಿ ಇಟಗಿಯೇ ದಾರಿ ತೋರಿಸಿದ.

"ಮೇಡಂ, ಜಗ್ಗಾಡೂದು ಬ್ಯಾಡ. ನಿರ್ದೇಶಕರ ಕೈಯಾಗ ಒಂದಿಷ್ಟು ಗ್ರೇಸ್ ಅದ. ಈ ಹುಡುಗೀದು ಒಂದು ಕೆಂಪು ತಗದು ಬಿಡ್ತೀನಿ. ಎರಡ ಉಳೀತಾವ. ಪಾಸ್ ಆಗಿ ಹೋಗ್ತಾಳ."

ನಾನು ಹೂಂ ಅನ್ನುವುದರಲ್ಲಿದ್ದೆ. ದಾನೇಶ್ವರಿ ಅವ್ವನ ಮುಖ ನೋಡಿದಳು, ಆಮೇಲೆ ಇಟಗಿಯ ಮುಖ.

"ನಾ ಕಾಪಿ ಮಾಡಿಲ್ರಿ ಸರ. ಎರಡು ಸಲಾನೂ ಮಾಡಿಲ್ಲ. ಮಾಡಿಲ್ಲ ಅಂತ ಬರದು ಕೊಡ್ರಿ."

"ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಸೆಡವು ಛಲೋ ಅಲ್ಲವ್ವಾ," ಅಂದ ಇಟಗಿ. ಅವನ ಮಾತಿನ ಇಸ್ತ್ರಿ ಸ್ವಲ್ಪ ಮುದುರಿತ್ತು. "ಕೊಟ್ಟಾಗ ತಗೋಬೇಕು."

"ಭಿಕ್ಷಾ ಬೇಡಾಕ ಬಂದಿಲ್ಲ ನಾವು," ಅಂದಳು ಮಹಾನಂದಾ. "ಆ ಏಳ್ನೇ ನಂಬರಿನವರ್ನ ಕರೀರಿ. ಅವರಿಗೆ ಎದುರ ನಿಂದ್ರತೀನಿ. ಹದಿನೆಂಟು ವರ್ಷದಿಂದ ಅವರ ಮುಖ ನೋಡಬೇಕಂತ ಕಾದೀನಿ."

"ಅವರ ಹೆಸರು ಹೇಳಾಕ ಬರೂದಿಲ್ಲ."

"ನಾನೇ," ಅಂದೆ.

ಮಹಾನಂದಾ ನನ್ನ ಮುಖವನ್ನು ಮೇಲಿನಿಂದ ಕೆಳಗೆ ನೋಡಿದಳು, ಬಟ್ಟೆಯಲ್ಲಿ ಹರಿದ ಜಾಗ ಹುಡುಕುವವರ ಹಾಗೆ. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಅವಳು ಬೈಯಲಿಲ್ಲ.

ಬೈದವನು ಇಟಗಿ. ಒಬ್ಬ ಮೌಲ್ಯಮಾಪಕಿ ತನ್ನ ತೀರ್ಪು ಹಿಂಪಡೆದರೆ ಏನಾಗುತ್ತದೆ ಗೊತ್ತೇ ಎಂದು ಬೆರಳು ಮಡಿಚಿ ಮಡಿಚಿ ಹೇಳಿದ. ಯಂತ್ರ ಆ ತೀರ್ಪನ್ನು ಮರೆಯಬೇಕು. ಅದರಿಂದ ಹುಟ್ಟಿದ ಹನ್ನೊಂದು ವರ್ಷದ ಕೆಂಪುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಸಾವಿರಾರು ಮಕ್ಕಳು, ಕೋರ್ಟು, ಪತ್ರಿಕೆಯವರು. "ನಿಮ್ಮ ನಿವೃತ್ತಿಗೆ ಎಂಟು ತಿಂಗಳ ಅದ. ಪ್ರಶಸ್ತಿ ವಾಪಸ್ ಕೇಳ್ತಾರ. ಎಲ್ಲಾ ಬಿಟ್ಟು ಈ ವಯಸ್ಸಿನಾಗ ಯಾಕ ಬೇಕಾಗಿತ್ತು ನಿಮಗ ಇದು?"

"ಅರ್ಜಿ ಕೊಡಪ್ಪ," ಅಂದೆ. ನನಗೆ ಬೆದರಿಕೆ ಹಾಕಿದವರ ಮೇಲೆ ಕಾಲು ಕೆರೆದು ಜಗಳಕ್ಕೆ ಹೋಗುವುದು ನನ್ನ ಹುಟ್ಟುಗುಣ. ಅವತ್ತು ಅದೇ ನನ್ನನ್ನು ನಿಲ್ಲಿಸಿತು, ಧೈರ್ಯ ಅಂತ ಯಾರೂ ತಪ್ಪು ತಿಳಿಯಬಾರದು.

ಹಿಂಪಡೆಯುವ ವಿಧಾನ ಸರಳ. ಆ ಗುಂಪಿನ ಒಂದು ಪತ್ರಿಕೆಯನ್ನು ಮೌಲ್ಯಮಾಪಕಿ ತನ್ನ ಕೈಯಾರೆ ಮತ್ತೆ ತಿದ್ದಿ, ಕಾರಣ ಬರೆದು ಸಹಿ ಮಾಡಬೇಕು. ಮಿಕ್ಕದ್ದನ್ನು ಯಂತ್ರ ತಾನೇ ಸರಿಮಾಡಿಕೊಳ್ಳುತ್ತದೆ. ಯಾವುದನ್ನು ತಿದ್ದುತ್ತೀರಿ ಎಂದು ಇಟಗಿ ಕೇಳುವಷ್ಟರಲ್ಲಿ ಮಹಾನಂದಾ ತನ್ನ ನೋಂದಣಿ ಸಂಖ್ಯೆ ಹೇಳಿದಳು. ಹದಿನೆಂಟು ವರ್ಷದ ಹಿಂದಿನ ಎಂಟು ಅಂಕೆಗಳು, ತಡವರಿಸದೆ ಹೇಳಿದಳು.

ಪತ್ರಿಕೆ ಎರಡೂ ಬದಿ ಮುದ್ರಣವಾಗಿ ಬಂತು. ದುಂಡು ಅಕ್ಷರ, ಅಂಚಿನಲ್ಲಿ ನನ್ನ ಕೆಂಪು. "ಇಡೀ ಪತ್ರಿಕೆ ಮತ್ತ ತಿದ್ದಬೇಕು ಮೇಡಂ, ನಿಯಮ," ಅಂದ ಇಟಗಿ.

"ಮಿಕ್ಕಿದ್ದು ನೋಡೋ ಅಗತ್ಯ ಇಲ್ಲ. ನಾನು ಕೂಡಿದ್ದು ಇವತ್ತಿನವರೆಗೂ ತಪ್ಪಿಲ್ಲ," ಅಂದೆ. ಚಕ್ರದ ಲೆಕ್ಕದ ಎರಡನ್ನು ಹೊಡೆದು ನಾಲ್ಕು ಮಾಡಿದೆ. 'ನಕಲು' ಪದವನ್ನು ಹೊಡೆದೆ. ಇದು ನಕಲಲ್ಲ, ಊರಿನವರ ವಿಧಾನ, ನನಗೆ ತಿಳಿದಿರಲಿಲ್ಲ ಎಂದು ಬರೆದೆ. ಮುಖಪುಟದ ಮೂವತ್ಮೂರನ್ನು ಹೊಡೆದು ಮೂವತ್ತೈದು ಎಂದು ಬರೆದು ಸಹಿ ಹಾಕಿದೆ.

ಇಟಗಿ ಹಾಳೆಯನ್ನು ಯಂತ್ರಕ್ಕೆ ತೋರಿಸಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಕ್ಷೆಯ ಮೇಲೆ ಹಾಲಗಟ್ಟಿಯ ಕೆಂಪು ಮೆಲ್ಲಗೆ ಕರಗಲು ಶುರುವಾಯಿತು, ಒಂದೊಂದೇ ಚುಕ್ಕೆ, ಹನ್ನೊಂದು ವರ್ಷದ್ದು. ದಾನೇಶ್ವರಿಯ ಮೂರು ಚುಕ್ಕೆಗಳೂ ಹೋದವು. ಹುಡುಗಿ ತನ್ನ ಪೆನ್ನಿನ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಟಗಿ ಎರಡೂ ಕೈಯಲ್ಲಿ ತಲೆ ಹಿಡಿದು ಕೂತ, ಹೊರಗಿನ ಕೋಣೆಯಲ್ಲಿ ಫೋನುಗಳು ಹೊಡೆದುಕೊಳ್ಳತೊಡಗಿದವು. ನನಗೆ ಒಳಗೊಳಗೇ ಹಿತವೆನಿಸಿತು. ದೊಡ್ಡ ಕೆಲಸ ಮಾಡಿದೆ, ಈಗ ಈ ಹೆಂಗಸು ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ಕಾದೆ. ಹೌದು, ಕಾದೆ.

ಮಹಾನಂದಾ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಪುಟ ಮಗುಚುತ್ತಿದ್ದಳು. ತಾನು ಬರೆದದ್ದನ್ನು ಅವಳು ಆ ಪರೀಕ್ಷೆಯ ನಂತರ ನೋಡುತ್ತಿದ್ದುದು ಅದೇ ಮೊದಲು.

"ಆರು, ನಾಕು, ಏಳು, ಮೂರು," ಅಂದಳು, ಪುಟದ ಅಂಚಿನ ಅಂಕಗಳನ್ನು ಬೆರಳಿನಿಂದ ಮುಟ್ಟುತ್ತ. "ಚಕ್ರದ್ದು ಎರಡು, ಈಗ ತಿದ್ದೂಕಿಂತ ಮೊದಲಿಂದು. ಐದು, ಆರು. ಮೂವತ್ಮೂರು."

"ಹೌದು," ಅಂದೆ. "ಈಗ ಚಕ್ರದ್ದು ನಾಲ್ಕಾಗಿದೆ. ಮೂವತ್ತೈದು. ನೀನು ಪಾಸು."

"ಕಡೀ ಹಾಳಿ ಹಿಂದ ತಿರುವ್ರಿ."

ಅವಳು ಮುಂದೆ ಹಿಡಿದ ಪತ್ರಿಕೆಯನ್ನು ತಿರುವಿದೆ. ಗ್ರಾಫ್ ಚೌಕಗಳ ಮೇಲೆ ಒಂದು ನೇರ ಗೆರೆ. ಪಕ್ಕದಲ್ಲಿ ನನ್ನದೇ ಸರಿ ಗುರುತು, ಅದರ ಕೆಳಗೆ ನನ್ನದೇ ಕೈಯ ಎರಡು. ಮುಖಪುಟದ ಅಂಕಪಟ್ಟಿಯಲ್ಲಿ ಆ ಎರಡನ್ನು ಬರೆಯಬೇಕಿದ್ದ ಮನೆ ಖಾಲಿಯಾಗಿತ್ತು.

"ಕಳ್ಳಿ ಅಂತ ಬರದು ಎರಡು ಕಳದ ಮ್ಯಾಲೂ ನಾ ಪಾಸಾಗಿದ್ದೆ," ಅಂದಳು ಮಹಾನಂದಾ. ದನಿ ಏರಿಸಲಿಲ್ಲ. "ನಿಮಗ ಕೂಡ್ಸಾಕ ಬಂದಿಲ್ಲ, ಅಕ್ಕೋರ."

ಅವಳು ಪತ್ರಿಕೆಯನ್ನು ನನ್ನ ಮುಂದಿನ ಮೇಜಿನ ಮೇಲೆ ಇಟ್ಟು, ಬಸ್ಸಿನ ಹೊತ್ತಾಯಿತು ಎಂದು ಮಗಳನ್ನು ಕರೆದುಕೊಂಡು ಹೋದಳು. ನಾನು ಬೆರಳಿಟ್ಟು ಮತ್ತೆ ಕೂಡಿದೆ. ಮೂವತ್ತೇಳು ಬಂತು. ಮುಖಪುಟದ ಮೇಲೆ ನಾನು ಈಗಷ್ಟೇ ಎಲ್ಲರ ಎದುರಿಗೆ ಸಹಿ ಹಾಕಿ ಬರೆದಿದ್ದ ಮೂವತ್ತೈದು ಇನ್ನೂ ಹಸಿಯಾಗಿತ್ತು.